ಎಡಿಟಿಂಗ್ ಸಾಫ್ಟ್‌ವೇರ್ ತಾನೇ ಪಾಠ ಹೇಳಿದರೆ ಎಷ್ಟು ಕಲಿಯಬಹುದು?

ಹಾಸನದ ಕಡೆ ಸ್ಟುಡಿಯೋದವರು ಮದುವೆ ವಿಡಿಯೋ ಎಡಿಟಿಂಗನ್ನು ಮಿಕ್ಸಿಂಗ್ ಅನ್ನುತ್ತಾರೆ. ಮೊದಲೆಲ್ಲ ಮಿಕ್ಸಿಂಗ್ ಕಲಿಯೋಕೆ ಇದ್ದದ್ದು ಒಂದೇ ದಾರಿ. ಬಿ.ಎಂ. ರಸ್ತೆಯಲ್ಲೋ ಬಸ್ ಸ್ಟ್ಯಾಂಡ್ ಹತ್ತಿರವೋ ಒಂದು ಸ್ಟುಡಿಯೋ ಸೇರೋದು. ಒಂದೆರಡು ಸೀಸನ್ ಲೈಟ್ ಹಿಡಿಯೋದು, ವೈರ್ ಸುತ್ತೋದು. ಆಮೇಲೆ ಎಡಿಟ್ ಮಾಡುವ ಅಣ್ಣನ ಪಕ್ಕ ಸ್ಟೂಲ್ ಎಳೆದುಕೊಂಡು ಕೂರೋದು. ಅಣ್ಣನ ಕೈ ಕೀಬೋರ್ಡ್ ಮೇಲೆ ಓಡುತ್ತಿರುತ್ತಿತ್ತು. "ಅಣ್ಣಾ, ಈಗ ಅದೇನ್ ಒತ್ತಿದ್ರಿ?" ಅಂತ ಕೇಳಿದರೆ, ಮೂಡ್ ಚೆನ್ನಾಗಿದ್ದ ದಿನ ಉತ್ತರ ಸಿಗುತ್ತಿತ್ತು.

ಈಗ ಎಡಿಟಿಂಗ್ ಬೇಕಾಗಿರೋದು ಸ್ಟುಡಿಯೋ ಹುಡುಗರಿಗೆ ಮಾತ್ರವಲ್ಲ. ಸಕಲೇಶಪುರದಲ್ಲಿ ಹೋಂಸ್ಟೇ ನಡೆಸುವವರಿಗೆ ರೀಲ್ಸ್ ಬೇಕು. ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾರುವವರಿಗೂ ಬೇಕು. ಹಳೇಬೀಡಿನ ಗೈಡ್‌ಗೆ ಬೇಕು, ಆನ್‌ಲೈನ್ ಪಾಠ ಮಾಡುವ ಮೇಷ್ಟ್ರಿಗೆ ಬೇಕು. ಇವರು ಯಾರೂ ಎರಡು ಸೀಸನ್ ವೈರ್ ಸುತ್ತುತ್ತಾ ಕೂರುವ ಹಾಗಿಲ್ಲ. ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ, ತೆರೆಯುತ್ತಾರೆ, ಸ್ಕ್ರೀನ್ ತುಂಬ ಬಟನ್ ನೋಡಿ ಗಾಬರಿಯಾಗಿ ಮುಚ್ಚುತ್ತಾರೆ.

ಸಾಫ್ಟ್‌ವೇರ್ ಮಾಡುವವರಿಗೂ ಇದು ಗೊತ್ತು. ಅದಕ್ಕೇ ಸ್ಟೂಲ್ ಪಕ್ಕದ ಆ ಪಾಠವನ್ನು ಸಾಫ್ಟ್‌ವೇರ್ ಒಳಗೇ ಇಡೋಕೆ ನೋಡುತ್ತಾರೆ. "ಇಲ್ಲಿ ಒತ್ತಿ, ಇದನ್ನು ಅಲ್ಲಿಗೆ ಎಳೆಯಿರಿ, ಹಾಂ, ಸರಿಯಾಯ್ತು, ಮುಂದೆ" ಅಂತ ಸ್ಕ್ರೀನ್ ಮೇಲೇ ಕೈ ಹಿಡಿದು ಮಾಡಿಸುವ ಇಂಟರಾಕ್ಟಿವ್ ಟ್ಯುಟೋರಿಯಲ್‌ಗಳು ಇವು. ಇವುಗಳಿಂದ ಏನು ಬರುತ್ತದೆ, ಏನು ಬರುವುದಿಲ್ಲ? ಉತ್ತರ ಪೂರ್ತಿ ನಿಂತಿರೋದು ಒಂದೇ ವಿಷಯದ ಮೇಲೆ. ನೀವು ಮಾಡಿದ್ದರಲ್ಲಿ ಸಾಫ್ಟ್‌ವೇರ್ ಕಣ್ಣಿಗೆ ಬೀಳೋದು ಏನೇನು ಅನ್ನೋದರ ಮೇಲೆ.

ಈ ಯೋಚನೆ ಹಳೆಯದೇ. 1983ರಲ್ಲಿ ಆಪಲ್ ಕಂಪನಿಯ ಲೀಸಾ ಕಂಪ್ಯೂಟರ್ ಬಂದಾಗ ಹೆಚ್ಚಿನ ಜನ ಮೌಸ್ ಮುಟ್ಟಿಯೇ ಇರಲಿಲ್ಲ. ಅದಕ್ಕೆ ಲೀಸಾಗೈಡ್ ಅನ್ನುವ ಪಾಠ ಜೊತೆಗೇ ಬಂತು. ಮರುವರ್ಷದ ಮ್ಯಾಕಿಂಟಾಷ್ ಜೊತೆ ಒಂದು ಫ್ಲಾಪಿ, ಒಂದು ಆಡಿಯೋ ಕ್ಯಾಸೆಟ್ ಕೊಟ್ಟರು. ಟೇಪ್ ರೆಕಾರ್ಡರ್‌ನಲ್ಲಿ ಕ್ಯಾಸೆಟ್ ಹಾಕಿ ಕೇಳುತ್ತಾ ಸ್ಕ್ರೀನ್ ನೋಡಬೇಕಿತ್ತು. ಮೊಬೈಲಿನಲ್ಲಿ ಯೂಟ್ಯೂಬ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಎಡಿಟ್ ಮಾಡುವ ನಮ್ಮ ಅಭ್ಯಾಸಕ್ಕೆ ಅದೇ ಹಿರಿಯಣ್ಣ.

ಯೂಟ್ಯೂಬ್ ಇರುವಾಗ ಒಳಗಿನ ಪಾಠ ಯಾಕೆ ಅಂತ ಕೇಳಬಹುದು. ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಹೇಳಿಕೊಡುವವರಿದ್ದಾರೆ, ಒಳಗಿನ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿರುತ್ತವೆ. ಆ ಲೆಕ್ಕದಲ್ಲಿ ಯೂಟ್ಯೂಬೇ ಮುಂದೆ. ಆದರೆ ಅದರ ಜೊತೆ ಒಂದು ಕಷ್ಟ ಇದೆ. ಮೊಬೈಲ್ ನೋಡಬೇಕು, ವಿಡಿಯೋ ನಿಲ್ಲಿಸಬೇಕು, ಲ್ಯಾಪ್‌ಟಾಪಿನಲ್ಲಿ ಅದೇ ಬಟನ್ ಹುಡುಕಬೇಕು. ಅಷ್ಟರಲ್ಲಿ ಅವರು ಹೇಳಿದ್ದು ಮರೆತಿರುತ್ತದೆ. ಹಿಂದಕ್ಕೆ ಎಳೆದು ಮತ್ತೆ ಕೇಳಬೇಕು. ಅವರ ಆವೃತ್ತಿ ಬೇರೆಯಾಗಿದ್ದರೆ ಆ ಬಟನ್ ನಿಮ್ಮಲ್ಲಿ ಅಲ್ಲಿ ಇರೋದೇ ಇಲ್ಲ. ಹೇಳುವ ಮಾತು ಒಂದು ಕಡೆ, ಮಾಡುವ ಕೆಲಸ ಇನ್ನೊಂದು ಕಡೆ ಇದ್ದರೆ ಎರಡನ್ನೂ ಜೋಡಿಸೋದರಲ್ಲೇ ತಲೆ ಸುಸ್ತಾಗುತ್ತದೆ ಅಂತ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಜೊತೆಗಾರರು ಬಹಳ ಹಿಂದೆಯೇ ತೋರಿಸಿದ್ದಾರೆ. ಒಳಗಿನ ಪಾಠದಲ್ಲಿ ಮಾತು ಬಟನ್ನಿನ ಪಕ್ಕದಲ್ಲೇ ಇರುತ್ತದೆ. ಅದರ ದೊಡ್ಡ ಲಾಭ ಇದೇ.

ಎಲ್ಲ ಕಡೆ ಒಂದೇ ಥರ ಇಲ್ಲ

ಓಪನ್‌ಶಾಟ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ತೆರೆದು ನೋಡಿ. ದುಡ್ಡಿಲ್ಲದೆ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊದಲ ಸಲ ತೆರೆದಾಗ ಒಂದು ಚಿಕ್ಕ ಗುಳ್ಳೆ ಮೂಡಿ ಸ್ವಾಗತ ಹೇಳುತ್ತದೆ. ನೀವು ಸಾಫ್ಟ್‌ವೇರನ್ನು ಹೇಗೆ ಬಳಸುತ್ತೀರಿ ಅನ್ನುವ ಮಾಹಿತಿಯನ್ನು ಹೆಸರಿಲ್ಲದೆ ಕಳಿಸಬಹುದಾ ಅಂತಲೂ ಅಲ್ಲೇ ಒಂದು ಟಿಕ್ ಬಾಕ್ಸ್ ಇರುತ್ತದೆ. ಅದನ್ನು ಸುಮ್ನೆ ದಾಟಬೇಡಿ, ಓದಿ ತೀರ್ಮಾನ ಮಾಡಿ. ನೆಕ್ಸ್ಟ್ ಒತ್ತಿದರೆ ಗುಳ್ಳೆ ಪ್ರಾಜೆಕ್ಟ್ ಫೈಲ್ಸ್ ಪಕ್ಕಕ್ಕೆ ಹೋಗುತ್ತದೆ. ನಿಮ್ಮ ವಿಡಿಯೋ, ಫೋಟೋ, ಹಾಡು ಎಲ್ಲ ಇಲ್ಲಿಗೆ ತನ್ನಿ ಅನ್ನುತ್ತದೆ. ಹೀಗೇ ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಜಾಗ), ಪ್ರಿವ್ಯೂ, ಎಫೆಕ್ಟ್‌ಗಳು, ಮುಗಿದ ವಿಡಿಯೋ ಹೊರತೆಗೆಯುವ ಎಕ್ಸ್‌ಪೋರ್ಟ್ ಬಟನ್ ಅಂತ ಒಂದೊಂದನ್ನೇ ತೋರಿಸುತ್ತದೆ. ಬೇಡ ಅನಿಸಿದರೆ ಹೈಡ್ ಟ್ಯುಟೋರಿಯಲ್ ಒತ್ತಬಹುದು. ಮತ್ತೆ ಬೇಕಾದರೆ ಹೆಲ್ಪ್ ಮೆನುವಿನಲ್ಲಿ ಸಿಗುತ್ತದೆ.

ಹೊಸ ಮನೆಗೆ ಬಂದವರಿಗೆ ಇದು ಅಡುಗೆಮನೆ, ಇದು ಬಚ್ಚಲುಮನೆ ಅಂತ ತೋರಿಸಿದ ಹಾಗೆ ಇದು. ತೋರಿಸಿದ್ದು ಸರಿ, ಅಡುಗೆ ಮಾಡಿಸಲಿಲ್ಲ. ಒಂದೂ ಕ್ಲಿಪ್ ತರದೆ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತುತ್ತಾ ಹೋದರೂ ಪಾಠ ಮುಗಿಯುತ್ತದೆ. ಹಾಗಂತ ಇದು ಕೆಲಸಕ್ಕೆ ಬಾರದ್ದಲ್ಲ. ಯಾವುದು ಎಲ್ಲಿದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಅದೂ ಸಾಫ್ಟ್‌ವೇರ್ ಜೊತೆಗೇ ಬರುವುದರಿಂದ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪದ ಕಡೆ ಇರುವವರಿಗೆ ಇದರ ಬೆಲೆ ಗೊತ್ತು.

ಅಡೋಬಿಯ ಪ್ರೀಮಿಯರ್‌ನಲ್ಲಿ ಇನ್ನೊಂದು ಥರ. ಅಲ್ಲಿ ಲರ್ನ್ ಅನ್ನುವ ಪ್ಯಾನೆಲ್ ಇದೆ, ವರ್ಕ್‌ಸ್ಪೇಸ್ ಪಟ್ಟಿಯಲ್ಲಿ ಲರ್ನಿಂಗ್ ಅಂತ ಹುಡುಕಿ. ಆವೃತ್ತಿ ಬದಲಾದ ಹಾಗೆ ಜಾಗವೂ ಪಾಠಗಳೂ ಬದಲಾಗುತ್ತಿರುತ್ತವೆ. ಪಾಠ ಆರಿಸಿಕೊಂಡರೆ ಅಭ್ಯಾಸಕ್ಕೆ ಅಂತಲೇ ಕ್ಲಿಪ್‌ಗಳು ಸಿಗುತ್ತವೆ. ಒಂದೊಂದೇ ಹೆಜ್ಜೆ ಹೇಳಿ, ಎಲ್ಲಿ ಒತ್ತಬೇಕು ಅಂತ ಎತ್ತಿ ತೋರಿಸುತ್ತದೆ. ಇಲ್ಲಿ ನಿಮ್ಮ ಕೈ ಆಡಲೇಬೇಕು. ಅದೇ ಕಂಪನಿಯ ಪ್ರೀಮಿಯರ್ ಎಲಿಮೆಂಟ್ಸ್‌ನಲ್ಲಿರುವ ಗೈಡೆಡ್ ಎಡಿಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದನ್ನು ನಿಮ್ಮದೇ ಕ್ಲಿಪ್ ಇಟ್ಟುಕೊಂಡು ಮಾಡಬಹುದು. ಪಾಠ ಮುಗಿಯುವ ಹೊತ್ತಿಗೆ ನಿಮ್ಮ ಕೆಲಸವೂ ಸ್ವಲ್ಪ ಮುಂದೆ ಹೋಗಿರುತ್ತದೆ.

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಈ ತಂಟೆಗೆ ಜಾಸ್ತಿ ಹೋಗಿಲ್ಲ. ಅದನ್ನು ಮಾಡುವ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ದಪ್ಪ ದಪ್ಪ ಪಾಠಪುಸ್ತಕಗಳನ್ನೂ ಅಭ್ಯಾಸದ ಕ್ಲಿಪ್‌ಗಳನ್ನೂ ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಇಳಿಸಿಕೊಂಡು ಓದುತ್ತಾ ಮಾಡಬೇಕು. ಪುಸ್ತಕ ಓದುವ ತಾಳ್ಮೆ ಇದ್ದವರಿಗೆ ಅವು ತುಂಬ ಚೆನ್ನಾಗಿವೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ ಟ್ಯುಟೋರಿಯಲ್ ಅನ್ನುವ ಹೆಸರನ್ನೇ ಹಾಕಿಕೊಂಡಿಲ್ಲ. ಶಾಟ್‌ಕಟ್ ಅನ್ನುವ ಉಚಿತ ಸಾಫ್ಟ್‌ವೇರಿಗೆ ಮೊಬೈಲಿನಲ್ಲಿ ತೆಗೆದ ವಿಡಿಯೋ ತನ್ನಿ. ಎಷ್ಟೋ ಸಲ ಒಂದು ಪ್ರಶ್ನೆ ಎದುರಾಗುತ್ತದೆ. ಈ ಫೈಲಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಲೆಕ್ಕ) ಒಂದೇ ಸಮ ಇಲ್ಲ, ಎಡಿಟಿಂಗ್‌ಗೆ ನಂಬೋ ಹಾಗಿಲ್ಲ, ಎಡಿಟಿಂಗ್‌ಗೆ ಒಗ್ಗುವ ರೂಪಕ್ಕೆ ಬದಲಾಯಿಸಲಾ ಅಂತ. ಮೊಬೈಲ್ ಕ್ಯಾಮೆರಾ ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಸೆಕೆಂಡಿಗೆ 30 ಫ್ರೇಮ್ ಬದಲು ಕೆಲವು ಕಡೆ ಕಡಿಮೆ ತೆಗೆದಿರುತ್ತದೆ. ಪರಿಣಾಮ ಕಾಣೋದು ಕೊನೆಗೆ. ಮಾತು ಮುಂದೆ ಹೋಗಿ ತುಟಿ ಹಿಂದೆ ಉಳಿಯುತ್ತದೆ. ಇದನ್ನು ಪಾಠದ ಹತ್ತನೇ ಹೆಜ್ಜೆಯಲ್ಲಿ ಹೇಳಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ತೊಂದರೆ ಕೈಗೆ ಸಿಕ್ಕ ಕ್ಷಣದಲ್ಲೇ ಹೇಳುವುದರಿಂದ ತಲೆಯಲ್ಲಿ ಕೂರುತ್ತದೆ.

ಒಳಗೆ ಏನು ನಡೆಯುತ್ತದೆ

ಪಾಠ ನಿಮ್ಮನ್ನು ಹೇಗೆ ಗಮನಿಸುತ್ತದೆ ಅಂತ ತಿಳಿಯೋಕೆ ಮೊದಲು ಸಾಫ್ಟ್‌ವೇರ್ ನಿಮ್ಮ ಎಡಿಟನ್ನು ಹೇಗೆ ಇಟ್ಟುಕೊಂಡಿರುತ್ತದೆ ಅಂತ ನೋಡಬೇಕು. ಹೊಸಬರಲ್ಲಿ ಒಂದು ಭಯ ಇರುತ್ತದೆ, ತಪ್ಪಿ ಕತ್ತರಿಸಿದರೆ ವಿಡಿಯೋ ಹಾಳಾಗುತ್ತೆ ಅಂತ. ಹಾಗಾಗುವುದಿಲ್ಲ. ಪ್ರಾಜೆಕ್ಟ್ ಅನ್ನೋದು ಒಂದು ಪಟ್ಟಿ ಅಷ್ಟೇ. ಯಾವ ಫೈಲ್, ಯಾವ ಟ್ರ್ಯಾಕ್ (ಟೈಮ್‌ಲೈನಿನ ಪದರ), ಫೈಲಿನ ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ಅಂತ ಸಾಲು ಸಾಲಾಗಿ ಬರೆದಿಟ್ಟಿರುತ್ತದೆ. 20 ಸೆಕೆಂಡಿನ ಕ್ಲಿಪ್ಪನ್ನು 8ನೇ ಸೆಕೆಂಡಿನಲ್ಲಿ ಕತ್ತರಿಸಿದಿರಿ ಅನ್ನಿ. ಒಂದು ಸಾಲಿದ್ದದ್ದು ಎರಡು ಸಾಲಾಗುತ್ತದೆ, 0 ಯಿಂದ 8 ಮತ್ತು 8 ರಿಂದ 20. ಮೂಲ ಫೈಲ್ ಇದ್ದ ಹಾಗೇ ಇರುತ್ತದೆ.

ಪಾಠದ ಪ್ರತಿ ಹೆಜ್ಜೆಯಲ್ಲೂ ಒಂದು ಮಾತು, ಆ ಮಾತು ಬೆರಳು ತೋರಿಸುವ ಒಂದು ಜಾಗ, ಮುಂದಿನ ಹೆಜ್ಜೆಗೆ ಹೋಗಲು ಒಂದು ಷರತ್ತು ಇರುತ್ತವೆ. ಎಲ್ಲ ಆಟ ಇರೋದು ಷರತ್ತಿನಲ್ಲಿ. ಬರೀ ತೋರಿಸುವ ಪಾಠದಲ್ಲಿ ಷರತ್ತು ನೆಕ್ಸ್ಟ್ ಬಟನ್ ಅಷ್ಟೇ. ಮಾಡಿಸುವ ಪಾಠದಲ್ಲಿ ಷರತ್ತು ಎರಡು ಥರ ಇರಬಹುದು. ಕ್ಲಿಪ್ ಕತ್ತರಿಸುವ ರೇಜರ್ ಬಟನ್ ಒತ್ತಿದರಾ ಅಂತ ಕಾಯೋದು ಒಂದು. ಪಟ್ಟಿಯಲ್ಲಿ ಒಂದು ಸಾಲು ಎರಡಾಯ್ತಾ ಅಂತ ನೋಡೋದು ಇನ್ನೊಂದು.

ಇವೆರಡರ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಆದರೆ ಪಾಠ ಒಳ್ಳೆಯದಾ ಕೆಟ್ಟದ್ದಾ ಅಂತ ಅದೇ ಹೇಳುತ್ತದೆ. ಪ್ರೀಮಿಯರ್‌ನಲ್ಲಿ ಸಿ ಒತ್ತಿದರೆ ರೇಜರ್ ಬರುತ್ತದೆ. ಶಾಟ್‌ಕಟ್‌ನಲ್ಲಿ ಪ್ಲೇಹೆಡ್ (ಟೈಮ್‌ಲೈನ್ ಮೇಲೆ ಈಗ ಎಲ್ಲಿದ್ದೀರಿ ಅಂತ ತೋರಿಸುವ ಗೆರೆ) ನಿಂತ ಕಡೆ ಎಸ್ ಒತ್ತಿದರೆ ಕ್ಲಿಪ್ ಎರಡಾಗುತ್ತದೆ. ಕೀ ಗೊತ್ತಿರುವವರು ಬಟನ್ ಕಡೆ ಹೋಗುವುದೇ ಇಲ್ಲ. ಬಟನ್ನನ್ನು ಮಾತ್ರ ಕಾಯುವ ಪಾಠ ಆಗ ಮುಂದೆ ಹೋಗದೆ ನಿಂತುಬಿಡುತ್ತದೆ. ಕೆಲಸ ಆಗಿದೆ, ಪಾಠ ಇನ್ನೂ "ರೇಜರ್ ಒತ್ತಿ" ಅನ್ನುತ್ತಿದೆ. ಫಲಿತಾಂಶ ನೋಡುವ ಪಾಠವಾದರೆ ನೀವು ಯಾವ ದಾರಿಯಲ್ಲಿ ಬಂದರೂ ಸರಿ ಅನ್ನುತ್ತದೆ. ಬೆರಳು ತೋರಿಸುವ ಜಾಗದಲ್ಲೂ ಇದೇ ಕಥೆ. ನೀವು ಯಾವುದೋ ಪ್ಯಾನೆಲ್ ಮುಚ್ಚಿದ್ದರೆ ಬಾಣ ಏನೂ ಇಲ್ಲದ ಕಡೆ ತೋರಿಸುತ್ತದೆ. ಪ್ರೀಮಿಯರ್‌ನಲ್ಲಿ ಹಾಗೆ ಸಿಕ್ಕಿಹಾಕಿಕೊಂಡರೆ ವಿಂಡೋ ಮೆನು, ವರ್ಕ್‌ಸ್ಪೇಸಸ್, ರೀಸೆಟ್ ಟು ಸೇವ್ಡ್ ಲೇಔಟ್. ಎಲ್ಲ ಪ್ಯಾನೆಲ್ ಮೊದಲಿದ್ದ ಜಾಗಕ್ಕೆ ಬರುತ್ತವೆ.

ಇನ್ನು ತಡೆ ಹಾಕುವ ಪಾಠಗಳು. ಹೊಸಬರು ದಾರಿ ತಪ್ಪುವ ಬಟನ್‌ಗಳನ್ನು ಪಾಠ ಮುಗಿಯುವವರೆಗೆ ಮುಚ್ಚಿಡೋದು. 1984ರಲ್ಲೇ ಐಬಿಎಂನ ಜಾನ್ ಕ್ಯಾರಲ್ ಮತ್ತು ಕ್ಯಾರೊಲಿನ್ ಕ್ಯಾರಿಥರ್ಸ್ ಡಿಸ್‌ಪ್ಲೇರೈಟರ್ ಅನ್ನುವ ವರ್ಡ್ ಪ್ರೊಸೆಸರ್ ಮೇಲೆ ಇದನ್ನು ಪ್ರಯೋಗ ಮಾಡಿದ್ದರು. ಹೊಸಬರು ಸಾಮಾನ್ಯವಾಗಿ ಎಡವುವ ಆಯ್ಕೆಗಳನ್ನು ಒತ್ತಿದರೆ ಅದು ಈಗ ಸಿಗುವುದಿಲ್ಲ ಅನ್ನುವ ಸಂದೇಶ ಬರುತ್ತಿತ್ತು, ಬೇರೇನೂ ಆಗುತ್ತಿರಲಿಲ್ಲ. ಹಾಗೆ ಕಲಿತವರು ಬೇಗ ಕೆಲಸ ಶುರು ಮಾಡಿದರು, ತಪ್ಪಿನಲ್ಲಿ ಸಿಕ್ಕಿಕೊಂಡು ಕಳೆದ ಸಮಯವೂ ಕಡಿಮೆ ಇತ್ತು. ರಿಸಾಲ್ವ್‌ನಲ್ಲಿ 2019ರಲ್ಲಿ ಬಂದ ಕಟ್ ಪೇಜ್‌ನಲ್ಲಿ ಬಟನ್ ಕಡಿಮೆ. ಅದನ್ನು ಮಾಡಿದ್ದು ಬೇಗ ಎಡಿಟ್ ಮುಗಿಸಬೇಕಾದವರಿಗೆ. ಆದರೆ ಹೊಸಬರು ಅಲ್ಲಿಂದ ಶುರು ಮಾಡಿದರೆ ಇದೇ ಲಾಭ ಪುಕ್ಕಟೆ ಸಿಗುತ್ತದೆ.

ಮುಗಿಸಿದ್ದಕ್ಕೂ ಕಲಿತದ್ದಕ್ಕೂ ಇರುವ ದೂರ

ಈಗ ಸ್ವಲ್ಪ ಕಹಿ ವಿಷಯ. 2005ರಲ್ಲಿ ಅಮೆರಿಕದ ಕೆಯ್ಟ್ಲಿನ್ ಕೆಲೆಹರ್ ಮತ್ತು ರ್‍ಯಾಂಡಿ ಪಾಷ್ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಆಲಿಸ್ ಅನ್ನುವ ಸಾಫ್ಟ್‌ವೇರ್ ಕಲಿಸಬೇಕಿತ್ತು. ಕೆಲವರಿಗೆ ಕಾಗದದ ಮೇಲೆ ಅಚ್ಚಾದ ಪಾಠ. ಉಳಿದವರಿಗೆ ಸ್ಕ್ರೀನ್ ಮೇಲೇ ಮಸುಕು ಪರದೆ ಹಾಸಿ, ಒತ್ತಬೇಕಾದ ಜಾಗದಲ್ಲಿ ಮಾತ್ರ ತೂತು ಬಿಟ್ಟ ಪಾಠ. ತೂತಿನ ಪಾಠ ಸಿಕ್ಕ ಮಕ್ಕಳು 26% ಬೇಗ ಮುಗಿಸಿದರು, ದೊಡ್ಡವರನ್ನು ಸಹಾಯ ಕೇಳಿದ್ದೂ ಕಡಿಮೆ. ಆದರೆ ಎಷ್ಟು ಕಲಿತರು ಅಂತ ನೋಡಿದಾಗ ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಅಂದರೆ ಸ್ಕ್ರೀನ್ ಮೇಲಿನ ಪಾಠ ನಿಮ್ಮನ್ನು ಬೇಗ ದಡ ಮುಟ್ಟಿಸುತ್ತದೆ. ತಲೆಯಲ್ಲಿ ಉಳಿಸುವ ಕೆಲಸ ತಾನಾಗೇ ಆಗುವುದಿಲ್ಲ. ಹೊಳೆಯುವ ಜಾಗದಲ್ಲಿ ಒತ್ತೋಕೆ ಯೋಚನೆ ಬೇಕಾಗಿಲ್ಲವಲ್ಲ. ಮುಗಿದಾಗ "ನನಗೆ ಬಂತು" ಅನಿಸುತ್ತದೆ. ಮಾರನೇ ದಿನ ಖಾಲಿ ಟೈಮ್‌ಲೈನ್ ಮುಂದೆ ಕೂತಾಗ ಕೈ ಓಡುವುದಿಲ್ಲ.

ಹಾಗಾದರೆ ಪಾಠ ಬಿಟ್ಟುಬಿಡೋಣವಾ? ಬೇಡ. 2012ರಲ್ಲಿ ಎರಿಕ್ ಆಂಡರ್ಸನ್ ಮತ್ತು ಜೊತೆಗಾರರು ಮೂರು ಕಂಪ್ಯೂಟರ್ ಆಟಗಳಲ್ಲಿ 45,000ಕ್ಕೂ ಹೆಚ್ಚು ಆಟಗಾರರ ಮೇಲೆ ಬೇರೆ ಬೇರೆ ಥರದ ಪಾಠಗಳನ್ನು ಪರೀಕ್ಷೆ ಮಾಡಿದರು. ಸುಲಭದ ಎರಡು ಆಟಗಳಲ್ಲಿ ಪಾಠ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತುಂಬ ಕಷ್ಟದ ಆಟದಲ್ಲಿ ಮಾತ್ರ ಪಾಠ ಸಿಕ್ಕವರು 29%ವರೆಗೆ ಜಾಸ್ತಿ ಹೊತ್ತು ಆಡಿದರು. ಇದನ್ನು ನಮ್ಮ ಕಡೆಗೆ ತಿರುಗಿಸಿಕೊಂಡರೆ ಲೆಕ್ಕ ಸರಳ. ಮೊಬೈಲಿನಲ್ಲಿ ಎರಡು ಕ್ಲಿಪ್ ಜೋಡಿಸಿ ಹಾಡು ಹಾಕುವ ಆ್ಯಪ್‌ಗೆ ಪಾಠ ಬೇಕಾಗಿಲ್ಲ, ಒತ್ತುತ್ತಾ ಹೋದರೆ ಬರುತ್ತದೆ. ಪ್ರೀಮಿಯರ್, ರಿಸಾಲ್ವ್, ಕೆಡೆನ್‌ಲೈವ್ ಥರದ ದೊಡ್ಡ ಸಾಫ್ಟ್‌ವೇರ್‌ಗಳಲ್ಲಿ ಮೊದಲ ಅರ್ಧ ಗಂಟೆ ಪಾಠಕ್ಕೆ ಕೊಟ್ಟವರು ಅರ್ಧದಲ್ಲಿ ಬಿಟ್ಟು ಓಡುವ ಸಾಧ್ಯತೆ ಕಡಿಮೆ.

ಉಳಿಸಿಕೊಳ್ಳೋಕೆ ಇನ್ನೊಂದು ಕೆಲಸ ಮಾಡಬೇಕು, ಅದು ಎಡಿಟಿಂಗ್‌ಗೆ ಮಾತ್ರ ಸಂಬಂಧಿಸಿದ್ದಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದಷ್ಟು ಬರಹ ಓದಿಸಿದರು. ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ. ಆದ್ದರಿಂದ ಪಾಠ ಒಂದು ಸಲ ಮುಗಿಸಿದ ಮೇಲೆ ಅದನ್ನೇ ಮತ್ತೆ ಹಾಕಬೇಡಿ. ಪಾಠ ಮುಚ್ಚಿ, ಹೊಸ ಪ್ರಾಜೆಕ್ಟ್ ತೆರೆದು, ನಿಮ್ಮ ಕ್ಲಿಪ್ ಇಟ್ಟುಕೊಂಡು ಅದೇ ಕೆಲಸ ನೆನಪಿನಿಂದ ಮಾಡಿ. ಸಿಕ್ಕಿಹಾಕಿಕೊಂಡ ಜಾಗಕ್ಕೆ ಮಾತ್ರ ಪಾಠ ತೆರೆಯಿರಿ.

ಅಭ್ಯಾಸಕ್ಕೆ ಎಂಥ ಕ್ಲಿಪ್ ಬೇಕು? ಮೊದಲು, ನಡುವೆ, ಕೊನೆ ತಾನಾಗೇ ಇರುವ ಕೆಲಸ ಒಳ್ಳೆಯದು. ನಮ್ಮ ಕಡೆ ಅದಕ್ಕೇನು ಬರ ಇಲ್ಲ. ಕಾಫಿ ಹಣ್ಣು ಕುಯ್ಯೋದು, ಪಲ್ಪರ್‌ಗೆ ಹಾಕೋದು, ಕಣದಲ್ಲಿ ಹರವೋದು, ಹುರಿಯೋದು, ಕೊನೆಗೆ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕೋದು. ಯಾವುದರ ಮುಂದೆ ಯಾವುದು ಬರಬೇಕು ಅಂತ ಗೊಂದಲ ಇರುವುದಿಲ್ಲ, ಹಾಗಾಗಿ ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ಮಾತ್ರ ತಲೆ ಕೊಡಬಹುದು.

ಗಟ್ಟಿಮೇಳವನ್ನು ಪಾಠ ಕೇಳಿಸಿಕೊಳ್ಳುವುದಿಲ್ಲ

ಎಲ್ಲಿ ಕತ್ತರಿಸಬೇಕು ಅನ್ನೋದನ್ನು ಪಾಠ ಯಾಕೆ ಹೇಳಿಕೊಡುವುದಿಲ್ಲ ಅಂತ ಒಂದು ಮದುವೆ ವಿಡಿಯೋ ಇಟ್ಟುಕೊಂಡು ನೋಡೋಣ. ಎರಡು ಕ್ಯಾಮೆರಾ ಇವೆ. ಒಂದು ಮಂಟಪದ ಎದುರಿಗೆ ಸ್ಟ್ಯಾಂಡ್ ಮೇಲೆ, ಇನ್ನೊಂದು ಪಕ್ಕದಲ್ಲಿ ಕೈಯಲ್ಲಿ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅನ್ನುತ್ತಾರೆ. ವಾಲಗ ಜೋರಾಗುತ್ತದೆ, ಅಕ್ಷತೆ ಬೀಳುತ್ತದೆ, ಹುಡುಗ ತಾಳಿ ಕಟ್ಟುತ್ತಾನೆ. ಅದೇ ಹೊತ್ತಿಗೆ ಪಕ್ಕದ ಕ್ಯಾಮೆರಾದಲ್ಲಿ ಹುಡುಗಿಯ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಆ ಮುಖ ಬೇಕೇ ಬೇಕು.

ಹೊಸಬರು ಎದುರಿನ ಕ್ಯಾಮೆರಾದ ಕ್ಲಿಪ್ ಕತ್ತರಿಸಿ, ಪಕ್ಕದ ಕ್ಲಿಪ್ ತಂದು ಜೋಡಿಸುತ್ತಾರೆ. ಚಿತ್ರ ಬದಲಾಗುವಾಗ ಶಬ್ದವೂ ಬದಲಾಗುತ್ತದೆ. ಪಕ್ಕದ ಕ್ಯಾಮೆರಾ ವಾಲಗದವರಿಂದ ದೂರ ಇತ್ತು, ಯಾರೋ ಹತ್ತಿರದಲ್ಲೇ ಮಾತಾಡುತ್ತಿದ್ದರು. ಗಟ್ಟಿಮೇಳ ಸರಕ್ಕನೆ ಸಣ್ಣಗಾಗಿ ಮತ್ತೆ ಜೋರಾಗುತ್ತದೆ. ಪಳಗಿದವರು ಹೀಗೆ ಮಾಡುವುದಿಲ್ಲ. ಎದುರಿನ ಕ್ಯಾಮೆರಾದ ಶಬ್ದವನ್ನು ಎಲ್ಲೂ ಕತ್ತರಿಸದೆ ಕೆಳಗೆ ಓಡಲು ಬಿಡುತ್ತಾರೆ, ಮೇಲಿನ ಟ್ರ್ಯಾಕ್‌ನಲ್ಲಿ ಚಿತ್ರ ಮಾತ್ರ ಬದಲಾಯಿಸುತ್ತಾರೆ. ಇನ್ನೂ ಚೆನ್ನಾಗಿ ಬೇಕು ಅಂದರೆ, ತಾಳಿಯ ದೃಶ್ಯ ಬರುವ ಒಂದು ಸೆಕೆಂಡ್ ಮೊದಲೇ, ಹುಡುಗಿಯ ಅಪ್ಪನ ಮುಖ ಕಾಣುತ್ತಿರುವಾಗಲೇ, ಗಟ್ಟಿಮೇಳದ ಶಬ್ದ ಶುರು ಮಾಡುತ್ತಾರೆ.

ಇದಕ್ಕೆ ಬೇಕಾದ ಸಾಧನ ಪಾಠದಲ್ಲಿ ಸಿಗುತ್ತದೆ. ಆಡಿಯೋ ಮತ್ತು ವಿಡಿಯೋ ಬೇರ್ಪಡಿಸೋದು ಹೇಗೆ, ಒಂದರ ಅಂಚನ್ನು ಮಾತ್ರ ಎಳೆಯೋದು ಹೇಗೆ ಅಂತ ಮಾಡಿಸಬಹುದು. ಆಮೇಲೆ ಪಟ್ಟಿ ನೋಡುತ್ತದೆ. ವಿಡಿಯೋ ಕಟ್ 42ನೇ ಸೆಕೆಂಡಿನಲ್ಲಿ, ಆಡಿಯೋ ಕಟ್ 41ರಲ್ಲಿ. ಎರಡೂ ಬೇರೆ ಬೇರೆ, ಷರತ್ತು ಸರಿಹೋಯ್ತು, ಮುಂದೆ. ಗಟ್ಟಿಮೇಳದ ಮೊದಲ ಏಟು ಅರ್ಧಕ್ಕೆ ತುಂಡಾಗಿದ್ದರೂ, ಅಮ್ಮನ ಮುಖ ಬೇಡದ ಕಡೆ ಬಂದರೂ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಅಲ್ಲಿರೋದು ಸಂಖ್ಯೆಗಳು. ಸ್ಟುಡಿಯೋದ ಅಣ್ಣನಿಗೆ ಕಾಣುತ್ತಿದ್ದದ್ದು ಮುಖ. "ಲೇ, ಆ ಅಮ್ಮನ್ನ ಇನ್ನೊಂದ್ ಸೆಕೆಂಡ್ ಬಿಡೋ" ಅನ್ನೋದು ಅಣ್ಣ ಮಾತ್ರ. ಈ ಭಾಗಕ್ಕೆ ಈಗಲೂ ಮನುಷ್ಯರೇ ಬೇಕು. ನೀವು ಎಡಿಟ್ ಮಾಡಿದ್ದನ್ನು ಮದುವೆಗೆ ಹೋಗಿದ್ದ ಯಾರಿಗಾದರೂ ತೋರಿಸಿ, ಅವರ ಮುಖ ನೋಡಿ. ಎಲ್ಲಿ ಮೊಬೈಲ್ ತೆಗೆಯುತ್ತಾರೋ ಅಲ್ಲಿ ನಿಮ್ಮ ಎಡಿಟ್ ಉದ್ದವಾಗಿದೆ.

ಅಭ್ಯಾಸದ ಕ್ಲಿಪ್‌ಗಳು ಮುಚ್ಚಿಡುವ ವಿಷಯಗಳು

ಪಾಠದ ಜೊತೆ ಬರುವ ಕ್ಲಿಪ್‌ಗಳು ಚೊಕ್ಕವಾಗಿರುತ್ತವೆ. ಬೆಳಕು ಸರಿ, ಶಬ್ದ ಸರಿ, ಸೈಜ್ ಚಿಕ್ಕದು. ಹಾಗಾಗಿ ಮಾಮೂಲಿ ತಾಪತ್ರಯಗಳು ಅಲ್ಲಿ ಬರೋದೇ ಇಲ್ಲ.

ಸೈಜ್ ಲೆಕ್ಕ ಹಾಕಿ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡುವ ಕ್ಯಾಮೆರಾ ನಿಮಿಷಕ್ಕೆ 375 ಎಂಬಿ ತುಂಬಿಸುತ್ತದೆ. ಅರ್ಧ ಗಂಟೆಯ ಧಾರೆಗೆ 11 ಜಿಬಿ ದಾಟುತ್ತದೆ, ಅದೂ ಒಂದು ಕ್ಯಾಮೆರಾದ್ದು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪಾಠ ಸಲೀಸಾಗಿ ನಡೆದು, ನಿಮ್ಮ ಕ್ಲಿಪ್ ಹಾಕಿದ ಕೂಡಲೇ ತಡವರಿಸಿದರೆ ತಪ್ಪು ನಿಮ್ಮದಲ್ಲ. ಪ್ರಾಕ್ಸಿ ಅಂತ ಒಂದು ಉಪಾಯ ಇದೆ. ಸಾಫ್ಟ್‌ವೇರ್ ಪ್ರತಿ ಕ್ಲಿಪ್‌ಗೂ ಒಂದು ಚಿಕ್ಕ ನಕಲು ಮಾಡಿಕೊಳ್ಳುತ್ತದೆ, ನೀವು ನಕಲಿನ ಮೇಲೆ ಎಡಿಟ್ ಮಾಡುತ್ತೀರಿ, ಎಕ್ಸ್‌ಪೋರ್ಟ್ ಆಗುವಾಗ ಮೂಲದ್ದನ್ನೇ ತೆಗೆದುಕೊಳ್ಳುತ್ತದೆ. ಪ್ರೀಮಿಯರ್, ರಿಸಾಲ್ವ್, ಕೆಡೆನ್‌ಲೈವ್, ಶಾಟ್‌ಕಟ್ ಎಲ್ಲದರಲ್ಲೂ ಇದೆ. ಪ್ರಾಜೆಕ್ಟ್ ಬರೀ ಒಂದು ಪಟ್ಟಿ ಅಂತ ಗೊತ್ತಾದರೆ ಇದು ಮಾಯಾಜಾಲ ಅನಿಸುವುದಿಲ್ಲ. ಪಟ್ಟಿ ಅದೇ, ಅದು ಬೊಟ್ಟು ಮಾಡಿದ ಫೈಲ್ ಮಾತ್ರ ಬೇರೆ.

ಮೀಡಿಯಾ ಆಫ್‌ಲೈನ್ ಅನ್ನುವ ಕೆಂಪು ಸ್ಕ್ರೀನ್‌ಗೂ ಇದೇ ಕಾರಣ. ಪೆನ್‌ಡ್ರೈವ್‌ನಲ್ಲಿ ತಂದ ಫೋಟೋಗಳನ್ನು ಅಲ್ಲಿಂದಲೇ ನೇರ ಟೈಮ್‌ಲೈನ್‌ಗೆ ಎಳೆದು, ಸಂಜೆ ಪೆನ್‌ಡ್ರೈವ್ ವಾಪಸ್ ಕೊಟ್ಟರೆ ಬೆಳಗ್ಗೆ ಎಲ್ಲ ಕೆಂಪು. ಫೈಲ್ ಪ್ರಾಜೆಕ್ಟ್ ಒಳಗೆ ಬಂದಿತ್ತು ಅಂತ ನಾವು ಅಂದುಕೊಂಡಿರುತ್ತೇವೆ, ಬಂದಿದ್ದು ಅದರ ವಿಳಾಸ ಮಾತ್ರ. ಕೆಲಸ ಶುರು ಮಾಡುವ ಮೊದಲು ಒಂದು ಮದುವೆಗೆ ಒಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ, ಆಮೇಲೆ ಇಂಪೋರ್ಟ್ ಮಾಡಿ.

ಕನ್ನಡದ ಟೈಟಲ್ ವಿಷಯವಂತೂ ನಾನು ನೋಡಿದ ಯಾವ ಪಾಠದಲ್ಲೂ ಇಲ್ಲ. ಅಭ್ಯಾಸದ ಟೈಟಲ್‌ಗಳೆಲ್ಲ ಇಂಗ್ಲಿಷ್. ಇಂಗ್ಲಿಷಿನಲ್ಲಿ ಅಕ್ಷರದ ಪಕ್ಕ ಅಕ್ಷರ ಕೂತರೆ ಮುಗಿಯಿತು. ಕನ್ನಡದಲ್ಲಿ ಒತ್ತು ಕೆಳಗೆ ಹೋಗಬೇಕು, ಅರ್ಕಾವತ್ತು ಪಕ್ಕಕ್ಕೆ ಬರಬೇಕು. ಕಂಪ್ಯೂಟರ್ ಒಳಗೆ ಕ್ಕ ಅನ್ನೋದು ಕ, ಹಲಂತದ ಗುರುತು, ಇನ್ನೊಂದು ಕ ಅಂತ ಬಿಡಿಬಿಡಿಯಾಗಿ ಇರುತ್ತದೆ. ಜೋಡಿಸುವ ಕೆಲಸ ಸಾಫ್ಟ್‌ವೇರ್‌ದು. ಅದು ಜೋಡಿಸದಿದ್ದರೆ ಚಿಕ್ಕಮಗಳೂರು ಹೋಗಿ ಚಿಕ್‌ಕಮಗಳೂರು ಆಗುತ್ತದೆ. ಇದೇ ತೊಂದರೆಗೆ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿ ಕೆಲಸ ನಡೆಸಿದರು. ಈಗ ಹೆಚ್ಚಿನ ಸಾಫ್ಟ್‌ವೇರ್‌ಗಳು ಯೂನಿಕೋಡ್ ಕನ್ನಡವನ್ನು (ಮೊಬೈಲಿನಲ್ಲಿ ಟೈಪ್ ಮಾಡುವಂಥದ್ದು) ಸರಿಯಾಗಿ ಜೋಡಿಸುತ್ತವೆ. ಪ್ರೀಮಿಯರ್‌ನಲ್ಲಿ ಒಂದು ಸೆಟ್ಟಿಂಗ್ ನೋಡಿಕೊಳ್ಳಬೇಕು. ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್, ಅಲ್ಲಿ ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್ ಆರಿಸಿ, ಆಮೇಲೆ ಹೊಸದಾಗಿ ಟೈಟಲ್ ಮಾಡಿ. ಯಾವ ಸಾಫ್ಟ್‌ವೇರ್ ಆದರೂ ಮೊದಲು ಲಕ್ಷ್ಮೀ, ವರ್ಷ, ಸ್ವಾಗತ ಈ ಮೂರು ಪದ ಟೈಪ್ ಮಾಡಿ, ಚಿಕ್ಕದೊಂದು ವಿಡಿಯೋ ಎಕ್ಸ್‌ಪೋರ್ಟ್ ಮಾಡಿ ನೋಡಿ. ಎಡಿಟ್ ಮಾಡುವಾಗ ಸರಿ ಕಂಡದ್ದು ಎಕ್ಸ್‌ಪೋರ್ಟ್‌ನಲ್ಲೂ ಸರಿ ಬಂದರೆ ಆ ಫಾಂಟನ್ನೇ ಇಟ್ಟುಕೊಳ್ಳಿ. ಗಂಡಿನ ತಾತನ ಹೆಸರಿನ ಒತ್ತು ಬಿಟ್ಟುಹೋಗಿದೆ ಅಂತ ಬೀಗರ ಮನೆಯಿಂದ ಫೋನ್ ಬಂದ ಮೇಲೆ ಎರಡು ಗಂಟೆಯ ವಿಡಿಯೋ ಮತ್ತೆ ಎಕ್ಸ್‌ಪೋರ್ಟ್ ಹಾಕಿ ಕೂರೋದು ಯಾರಿಗೆ ಬೇಕು, ಅಲ್ವಾ?